ಕೋಳಿಗೂಡಿಗೆ ಆಟೋಮ್ಯಾಟಿಕ್ ಬಾಗಿಲು ಹಾಕಿಸಿದರೆ ರಾತ್ರಿ ಕಾಟ ತಪ್ಪುತ್ತಾ?

ಮನೆಗೆ ಬರೋದು ರಾತ್ರಿ ಎಂಟಾಗುತ್ತೆ, ಅಷ್ಟರಲ್ಲಿ ಗೂಡು ಮುಚ್ಚೋರಿಲ್ಲ, ಬೆಳಕು ನೋಡಿ ತಾನೇ ಮುಚ್ಚಿಕೊಳ್ಳೋ ಸೆನ್ಸರ್ ಬಾಗಿಲು ತಗೊಳ್ಳಲೋ ಟೈಮರಿನದೋ ಅಂತ ಆಲೂರಿಂದ ಕೇಳಿದ್ದೀರಿ. ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಸೆನ್ಸರಿನದು ತಂದು ಅರ್ಧಕ್ಕಿಂತ ಹೆಚ್ಚು ಕೋಳಿ ಕಳಕೊಂಡವಳು ನಾನು. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮನೇಲಿ ಕೋಳಿ ಅತ್ತೆಯ ಖಾತೆ. ಸಂಜೆ ಆದರೆ ಮೊರದಲ್ಲಿ ನುಚ್ಚು ಹಿಡಿದು ಗೂಡಿನ ಮುಂದೆ ನಿಲ್ಲೋರು. ಅವರ ಲೆಕ್ಕ ಅಂಕಿಯಲ್ಲಿ ಇರಲಿಲ್ಲ. 'ಕುಂಟಿ ಬಂತು, ಬೋಳುಕತ್ತಿಂದು ಬಂತು, ಬಿಳಿ ಹೇಂಟೆ ಬಂತು, ಆ ಗಿರಿರಾಜ ಹುಂಜ ಎಲ್ಲಿ ಸತ್ತ?' ಹೀಗೆ. ಒಂದು ಕಮ್ಮಿ ಆದರೂ ಟಾರ್ಚ್ ತಗೊಂಡು ಕಾಫಿ ಗಿಡದ ಬುಡದಲ್ಲಿ ಬಗ್ಗಿ ಹುಡುಕಿ, ಕಂಕುಳಲ್ಲಿ ಇರುಕಿಕೊಂಡು ತಂದು ಒಳಗೆ ಬಿಟ್ಟ ಮೇಲೇ ಚಿಲಕ. ಪುನುಗು ಬೆಕ್ಕು, ಕಾಡುಬೆಕ್ಕು, ನರಿ ಎಲ್ಲ ಸುತ್ತಮುತ್ತ ಇದ್ದವು. ಆದರೂ ಅವರ ಕಾಲದಲ್ಲಿ ಕೋಳಿ ಹೋದದ್ದು ಅಪರೂಪ.

ಅವರಿಗೆ ಮಂಡಿ ಆಪರೇಷನ್ ಆಗಿ ಚಿಕ್ಕಮಗಳೂರಲ್ಲಿ ನಾದಿನಿ ಮನೆಗೆ ಹೋದರು. ನಮ್ಮ ಯಜಮಾನ್ರು ಆಗ ಮಂಗಳೂರಲ್ಲಿ, ವಾರಕ್ಕೊಮ್ಮೆ ಬರೋರು. ನಾನು ಸಕಲೇಶಪುರದಲ್ಲಿ ಕೆಲಸ ಮುಗಿಸಿ ಬಸ್ ಹಿಡಿದು ಬರೋ ಹೊತ್ತಿಗೆ ಏಳೂವರೆ. ಸರಿ, ಆನ್‌ಲೈನಲ್ಲಿ ಬಾಗಿಲು ತರಿಸಿದೆವು. ಅಲ್ಯೂಮಿನಿಯಂ ಹಲಗೆ, ಮೇಲೊಂದು ಡಬ್ಬಿ, ಅದರೊಳಗೆ ಪುಟ್ಟ ಮೋಟಾರು, ನಾಲ್ಕು ಸೆಲ್ಲು. ಡಬ್ಬಿ ಮುಖದಲ್ಲಿ ಕಡಲೆಕಾಳಿನಷ್ಟು ಕಣ್ಣು. ಬಾಗಿಲು ಪೂರ್ತಿ ಇಳಿದರೆ ಹಸಿರು ದೀಪ ಮಿನುಗುತ್ತೆ.

ಎಡವಟ್ಟಾದದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡೋ ಸಾಧ್ಯತೆ ಜಾಸ್ತಿ. ಆ ಕಣ್ಣು ಬಯಲಿಗೆ, ಆಕಾಶ ಕಾಣೋ ಹಾಗೆ ಇರಬೇಕು ಅಂತ ಜೊತೆಗೆ ಬಂದ ಪುಸ್ತಕದಲ್ಲಿತ್ತು. ನಮ್ಮ ಕಡೆ ಮಳೆ ನೆನೆಸಿಕೊಂಡು, ನೀರು ಬಿದ್ದು ಕೆಟ್ಟರೆ ಅಂತ ನಾನದನ್ನ ಮಾಡಿನ ಒಳಕ್ಕೆ ತಳ್ಳಿ, ಹಲಸಿನ ಮರದ ಕಡೆ ಮುಖ ಮಾಡಿ ಕೂರಿಸಿದೆ. ಅಲ್ಲಿ ಬಿಸಿಲಿರೋ ದಿನವೂ ಅರೆಬೆಳಕೇ. ಕತ್ತಲಾದ ಮೇಲೆ ಇಷ್ಟು ಹೊತ್ತು ತಡೆದು ಮುಚ್ಚು ಅನ್ನೋ ಸೆಟ್ಟಿಂಗ್ ಕೂಡ ಇತ್ತು, ಅದನ್ನ ಸೊನ್ನೆಯಲ್ಲೇ ಬಿಟ್ಟೆ. ಬೇಗ ಮುಚ್ಚಿದಷ್ಟೂ ಒಳ್ಳೇದಲ್ವಾ ಅನ್ನೋ ಬುದ್ಧಿ. ಪರೀಕ್ಷೆ ಮಾಡಿದ್ದು ಏಪ್ರಿಲ್‌ನಲ್ಲಿ. ಕೋಳಿಗಳೆಲ್ಲ ಒಳಗೆ ಹೋದ ಮೇಲೆ ಬಾಗಿಲು ಸರಾಗ ಇಳಿಯಿತು. ವಿಡಿಯೊ ಮಾಡಿ ಅತ್ತೆಗೆ ಕಳಿಸಿದೆ. 'ಹೂಂ, ಒಳಗೆ ಎಷ್ಟಿವೆ ಅಂತ ಅದು ಹೇಳುತ್ತಾ?' ಅಂದರು. ವಯಸ್ಸಾದವರ ಕೊಂಕು ಅಂದುಕೊಂಡೆ.

ಆರಿದ್ರೆ ಮಳೆ ಹಿಡೀತು. ನಿಮಗೆ ಗೊತ್ತಲ್ಲ, ಆ ದಿನಗಳಲ್ಲಿ ಐದು ಗಂಟೆಗೇ ಮನೆಯೊಳಗೆ ಲೈಟ್ ಹಾಕಬೇಕು. ಬಾಗಿಲಿಗೆ ಮೋಡದ ಕತ್ತಲೆ ಯಾವುದು, ಸಂಜೆ ಕತ್ತಲೆ ಯಾವುದು ಅನ್ನೋದು ತಿಳಿಯಲ್ಲ. ಕೋಳಿಗೆ ತಿಳಿಯುತ್ತೆ. ಜಡಿಮಳೆ ಬಂದರೆ ಅದು ಗೂಡಿಗೆ ಓಡಲ್ಲ, ಇದ್ದಲ್ಲೇ ಗಿಡದ ಬುಡವೋ ಸೌದೆ ಕೊಟ್ಟಿಗೆಯೋ ನೋಡಿಕೊಂಡು ನಿಂತಿರುತ್ತೆ, ಮಳೆ ಇಳಿದ ಮೇಲೆ ಬರುತ್ತೆ. ಅವು ಬರೋ ಹೊತ್ತಿಗೆ ಬಾಗಿಲು ಬಿದ್ದಾಗಿತ್ತು. ನಾನು ಕೊಡೆ ಹಿಡಿದು ಅಂಗಳ ದಾಟುವಾಗ ದೂರದಿಂದಲೇ ಹಸಿರು ದೀಪ ನೋಡಿ, ಸದ್ಯ ಮುಚ್ಚಿದೆ ಅಂತ ಒಳಗೆ ಹೋಗಿ ಮಲಗಿದೆ. ಹತ್ತಿರ ಹೋಗಿ ಒಂದು ಸಲ ಟಾರ್ಚ್ ಬಿಟ್ಟಿದ್ದರೆ ಬಾಗಿಲ ಬುಡದಲ್ಲಿ ಒದ್ದೆಯಾಗಿ ಮುದುರಿ ಕೂತವು ಕಾಣ್ತಿದ್ದವು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಲ್ಲ, ಕೂತಲ್ಲಿಂದ ಏಳಲ್ಲ. ಹಿಡಿಯೋಕೆ ಬಂದದ್ದಕ್ಕೆ ಓಡಿಸೋ ಕಷ್ಟವೂ ಇರಲಿಲ್ಲ. ಬೆಳಿಗ್ಗೆ ಹೊಸ್ತಿಲ ಮುಂದೆ ಪುಕ್ಕ, ಎರಡು ತಲೆ ಇಲ್ಲದ ಹೇಂಟೆ, ಮಿಕ್ಕವುಗಳ ಸುಳಿವೇ ಇಲ್ಲ. ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದಿತ್ತು! ಮರುದಿನ ರಜೆ ಹಾಕಿ ಕೂತು ನೋಡಿದೆ. ಐದೂಕಾಲಿಗೆ ಇಳಿದೇ ಬಿಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ 'ಮೇಡಂ, ಸೆಟ್ಟಿಂಗ್ ನಿಮ್ಮದೇ ಅಲ್ವಾ' ಅಂದರು. ನಿಜ ಹೇಳಬೇಕಂದ್ರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ: ಟೈಮರ್. ಬೆಳಕಿನ ಕಣ್ಣು ಉಪಯೋಗಕ್ಕೆ ಬರೋದು ಹಗಲು ವಿಪರೀತ ಏರುಪೇರಾಗೋ ದೇಶಗಳಲ್ಲಿ. ಲಂಡನ್‌ನಲ್ಲಿ ಡಿಸೆಂಬರಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗಿದರೆ ಜೂನ್‌ನಲ್ಲಿ ರಾತ್ರಿ 9 ದಾಟುತ್ತೆ. ಅಲ್ಲಿ ಟೈಮರ್ ಇಟ್ಟರೆ ತಿಂಗಳಿಗೆ ನಾಲ್ಕು ಸಲ ತಿರುಗಿಸಬೇಕು. ಹಾಸನದಲ್ಲಿ ಮುಳುಗೋ ಹೊತ್ತು ನವೆಂಬರಲ್ಲಿ 6ರ ಆಸುಪಾಸು, ಜುಲೈನಲ್ಲಿ 7ರ ಹತ್ತಿರ, ಅಷ್ಟೇ. ನಾವೀಗ ವರ್ಷವಿಡೀ 7.15ಕ್ಕೆ ಇಟ್ಟಿದ್ದೀವಿ. ಚಳಿಗಾಲದಲ್ಲಿ ಕತ್ತಲಾದ ಮೇಲೂ ಒಂದು ಗಂಟೆ ಬಾಗಿಲು ತೆರೆದಿರುತ್ತೆ, ಅದು ಅಪಾಯವೇ. ನವೆಂಬರಿಂದ ಜನವರಿವರೆಗೆ ಅರ್ಧ ಗಂಟೆ ಮುಂಚೆ, 6.45ಕ್ಕೆ ಇಟ್ಟುಕೊಂಡರೆ ಒಳ್ಳೇದು. ಮುಚ್ಚೋಕೆ ಮುಂಚೆ ಗೂಡೊಳಗೆ ಸಣ್ಣ ಎಲ್‌ಇಡಿ ಬಲ್ಬ್ ಉರಿಯೋ ಹಾಗೆ ಮಾಡಿ, ತಡವಾದವು ಬೆಳಕು ನೋಡಿ ಒಳಗೆ ಹೋಗ್ತವೆ. ಬಾಗಿಲನ್ನ ಬರೀ ಕರೆಂಟನ್ನೇ ನಂಬಿ ಜೋಡಿಸಬೇಡಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎಷ್ಟು ದಿನ ಅಂತ ಯಾರಿಗೂ ಗೊತ್ತಿರಲ್ಲ. ಬ್ಯಾಟರಿ ಇಲ್ಲದ ಟೈಮರಾದರೆ ಕರೆಂಟ್ ಬಂದಾಗ ಗಡಿಯಾರ ಮೊದಲಿಂದ ಶುರುವಾಗಿ ನಡುರಾತ್ರಿ ಬಾಗಿಲು ತೆಗೆದೀತು. ತೋಟದ ನೆರಳಲ್ಲಿ ಸೋಲಾರ್ ಕೂಡ ನಂಬೋ ಹಾಗಿಲ್ಲ.

ಇನ್ನೊಂದು ವಿಷಯ ನಾನು ತಡವಾಗಿ ಕಲಿತದ್ದು. ಇಳಿಯುವಾಗ ಏನಾದರೂ ಅಡ್ಡ ಸಿಕ್ಕರೆ ಕೋಳಿ ಸಿಕ್ಕಿಕೊಂಡಿತು ಅಂತ ತಿಳಿದು ಬಾಗಿಲು ವಾಪಸ್ ಮೇಲೆ ಹೋಗುತ್ತೆ. ಒಳ್ಳೆ ಏರ್ಪಾಡು. ಆದರೆ ಬಾಗಿಲು ಬಂದು ಕೂರೋ ಕೆಳಗಿನ ಸಂದಿಯಲ್ಲಿ ಭತ್ತದ ಹೊಟ್ಟು ತುಂಬಿಕೊಂಡರೂ ಅದು ಹಾಗೇ ತಿಳಿಯುತ್ತೆ, ರಾತ್ರಿಯಿಡೀ ತೆರೆದೇ ಇರುತ್ತೆ. ವಾರಕ್ಕೊಮ್ಮೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಕೆದಕಿ. ಹಗ್ಗದಲ್ಲಿ ನೇತಾಡೋ ಬಾಗಿಲು ಬೇಡ, ಕೆಳಗಿಂದ ಪಂಜ ತೂರಿಸಿ ಎತ್ತಬಹುದು. ಸ್ಕ್ರೂ ತಿರುಗಿ ಇಳಿಯೋ ಬಾಗಿಲಾದರೆ ಎತ್ತೋಕಾಗಲ್ಲ.

ಈಗ ನಿಜವಾದ ಮಾತಿಗೆ ಬರ್ತೀನಿ. ಚಿಲಕ ಹಾಕಿದ್ದ ರಾತ್ರಿಯೂ ಎರಡು ಸಲ ಕೋಳಿ ಹೋಗಿದೆ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ನಿಮಗೆ ಬಾಗಿಲು ಯಾಕೆ? ಅದು ಬರ್ತಿರೋದು ಬೇರೆ ದಾರಿಯಿಂದ. ತಲೆ ಇಲ್ಲದ ಕೋಳಿ ಜಾಲರಿ ಪಕ್ಕದಲ್ಲೇ ಬಿದ್ದಿದ್ದರೆ, ಹೊರಗೆ ನಿಂತೇ ಕತ್ತು ಎಳೆದದ್ದು. ಕೋಳಿ ಪೂರ್ತಿ ಮಾಯ ಆಗಿದ್ದರೆ ಎಲ್ಲೋ ಸಂದಿದೆ. ಪುನುಗು ಬೆಕ್ಕು ಮರ ಹತ್ತೋ ಪ್ರಾಣಿ, ಮನೆ ಅಟ್ಟದಲ್ಲೂ ಸಂಸಾರ ಮಾಡೋದುಂಟು. ಬಾಗಿಲ ಹತ್ತಿರ ಬರೋ ಅಗತ್ಯವೇ ಇಲ್ಲ, ಮಾಡಿನ ಹಂಚು ಸರಿಸಿ ಇಳಿಯುತ್ತೆ. ಅಂಗಡೀಲಿ ಕೋಳಿ ಮೆಶ್ ಅಂತ ಕೊಡೋ ಆರು ಮೂಲೆ ತೆಳು ತಂತಿ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೇ, ನಾಯಿ ಹಲ್ಲು ಹಾಕಿದರೆ ಹರಿಯುತ್ತೆ. ಅರ್ಧ ಇಂಚು ಕಿಂಡಿಯ ವೆಲ್ಡ್ ಮೆಶ್, ಅಂದ್ರೆ ತಂತಿ ಬೆಸೆದ ಗಟ್ಟಿ ಜಾಲರಿ, ಕೇಳಿ ತಗೊಳ್ಳಿ. ಮಾಡಿನ ಕೆಳಗೂ ಹೊಡೆಸಿ. ಗೂಡಿನ ಸುತ್ತ ಒಂದೂವರೆ ಅಡಿ ಹೊರಕ್ಕೆ ನೆಲದಲ್ಲಿ ಮಲಗಿಸಿ ಮಣ್ಣು ಮುಚ್ಚಿದರೆ ನರಿ, ನಾಯಿ ಬುಡದಲ್ಲಿ ಕೆರೆದು ನುಗ್ಗೋಕಾಗಲ್ಲ. ಕೋಳಿ ಕೂರೋ ಕೋಲು ಗೋಡೆಯಿಂದ ದೂರ ಇರಲಿ.

ಇಷ್ಟು ಮಾಡಿ, ಗೂಡಿಗೆ ಅಂಟಿಕೊಂಡ ಹಾಗೆ ಅದೇ ಮೆಶ್ಶಿನ ಅಂಗಳ ಒಂದನ್ನ, ಮೇಲೂ ಮುಚ್ಚಿ ಕಟ್ಟಿಸಿಬಿಟ್ಟರೆ ನೀವು ಎಂಟಕ್ಕೆ ಬನ್ನಿ, ಹತ್ತಕ್ಕೆ ಬನ್ನಿ. ಒಳಬಾಗಿಲು ಹಗಲೂ ರಾತ್ರಿ ತೆರೆದೇ ಇರಲಿ, ಮೋಟಾರೇ ಬೇಡ. ಹೊರಗೆ ಬಿಡೋದು ಭಾನುವಾರ, ನೀವು ಮನೇಲಿದ್ದಾಗ. ಹಗಲು ಮುಂಗುಸಿ, ಹದ್ದಿನ ಕಾಟವೂ ತಪ್ಪುತ್ತೆ. ಕೋಳಿ ತೋಟದಲ್ಲಿ ಕೆದಕಿ ತಿನ್ನಬೇಕು, ಆಗಲೇ ರುಚಿ ಅನ್ನೋರಿಗೆ ಮನೇಲೊಬ್ಬರು ಇರಬೇಕು. ನಿಮ್ಮನೇಲಿ ಇಲ್ಲ.

ಉರುಳು, ವಿಷ ಇಡೋ ಸಲಹೆ ಕೊಡೋರು ಸಿಗ್ತಾರೆ, ಕಿವಿಗೆ ಹಾಕ್ಕೋಬೇಡಿ. ಪುನುಗು, ಕಾಡುಬೆಕ್ಕು ಎರಡೂ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ. ವಿಷಕ್ಕೆ ಮೊದಲು ಬಲಿಯಾಗೋದು ಪಕ್ಕದ ಮನೆ ನಾಯಿ, ಆಮೇಲೆ ಊರಲ್ಲಿ ನಿಮಗೂ ಅವರಿಗೂ ಮಾತಿರಲ್ಲ.

ಬಾಗಿಲು ಆರ್ಡರ್ ಮಾಡೋಕೆ ಮುಂಚೆ ಗೂಡಿನ ಫೋಟೊ ಹಾಕಿ, ಮಾಡಿನ ಕೆಳಗಿಂದ ತೆಗೆದದ್ದೂ ಇರಲಿ. ಹಂಚೋ ಶೀಟೋ ಹೇಳಿ. ಹತ್ತಿರ ಹಲಸಿನ ಮರದ ಕೊಂಬೆ ಮಾಡಿನ ಮೇಲೆ ಬಾಗಿದ್ದರೆ ಅದನ್ನ ಈ ಭಾನುವಾರವೇ ಕಡಿಸಿ.