ಪಾರ್ಕಿಗೆ ದುಡ್ಡು ಕೊಟ್ಟ ಪಬ್ಬು

ಪತ್ರ: ಕಳೆದ ಸಂಚಿಕೆಯ ಸ್ಕಾಟ್ಲೆಂಡ್ ಲೇಖನದಲ್ಲಿ ಸಣ್ಣ ಊರಿನ ಪಬ್ಬನ್ನು ನಮ್ಮ ಅರಳಿಕಟ್ಟೆಗೆ ಹೋಲಿಸಿದ್ದೀರಿ. ಹೆಂಡದಂಗಡಿ ಎಲ್ಲಿದ್ದರೂ ಹೆಂಡದಂಗಡಿಯೇ ಅಲ್ವಾ? ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇದು ಬೇಕಿತ್ತಾ? ಮಗ ಎಡಿನ್‌ಬರೋದಲ್ಲಿದ್ದಾನೆ, ಬೇಸಿಗೆಗೆ ನಾವೂ ಹೋಗುತ್ತೇವೆ. ಅದಕ್ಕೇ ಕೇಳಿದೆ.
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಕಟ್ಟೆಯ ಮೇಲೆ ಕೂರಲು ದುಡ್ಡು ಬೇಡ, ಪಬ್ಬಿನಲ್ಲಿ ಬೇಕು. ಆ ವ್ಯತ್ಯಾಸ ಇದ್ದೇ ಇದೆ. ಆದರೆ ನಿಮ್ಮ ಸಿಟ್ಟು ಸ್ಕಾಟ್ಲೆಂಡಿನವರಿಗೆ ಹೊಸದಲ್ಲ. 1853ರ ಕಾನೂನು ಅಲ್ಲಿ ಭಾನುವಾರ ಪಬ್ಬುಗಳಿಗೆ ಬೀಗ ಹಾಕಿಸಿತು. ಹೋಟೆಲಿನಲ್ಲಿ ಮಾತ್ರ, ಅದೂ ಪ್ರಯಾಣಿಕರಿಗಷ್ಟೇ ಸಿಗುತ್ತಿತ್ತು. ಜನ ಬಿಡ್ತಾರಾ? ಪಕ್ಕದೂರಿಗೆ ಹೋಗಿ, ಪ್ರಯಾಣಿಕ ಅಂತ ರಿಜಿಸ್ಟರಿನಲ್ಲಿ ಸಹಿ ಹಾಕಿ ಕುಡಿದು ಬರುತ್ತಿದ್ದರು. ಆ ಬೀಗ ತೆಗೆಯಲು 1976ರ ಕಾನೂನು ಬರಬೇಕಾಯಿತು.

ಎಡಿನ್‌ಬರೋ ಹತ್ತಿರದ ನ್ಯೂಟನ್‌ಗ್ರೇಂಜ್ ಕಲ್ಲಿದ್ದಲು ಗಣಿಯ ಊರು. 1899ರಲ್ಲಿ ಗಣಿ ಕಂಪನಿಯೇ ಅಲ್ಲಿ ಡೀನ್ ಟಾವರ್ನ್ ಎಂಬ ಪಬ್ಬು ತೆರೆಯಿತು. ಪದ್ಧತಿ ಸ್ವೀಡನ್ನಿನ ಗೋಥೆನ್‌ಬರ್ಗಿನದು. ಹಣ ಹೂಡಿದವರಿಗೆ ನೂರಕ್ಕೆ 5ರಷ್ಟು ಲಾಭ, ಮಿಕ್ಕಿದ್ದೆಲ್ಲ ಊರಿಗೆ. ಪಾರ್ಕು, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲಿಂಗ್ ಆಟದ ಮೈದಾನಕ್ಕೆಲ್ಲ ಬಿಯರಿನ ದುಡ್ಡೇ! ಜನ ಜಾಸ್ತಿ ಕುಡಿಯಬಾರದೆಂದು ಇಂಥ ಪಬ್ಬುಗಳನ್ನು ಬೇಕಂತಲೇ ಸಪ್ಪೆಯಾಗಿ ಇಡುತ್ತಿದ್ದರು. ಸಾಲ ಇಲ್ಲ, ಜೂಜಿಲ್ಲ, ಡಾಮಿನೋ ಆಟವೂ ಇಲ್ಲ. ಗಣಿ 1981ರಲ್ಲಿ ಮುಚ್ಚಿ ಈಗ ಮ್ಯೂಸಿಯಂ ಆಗಿದೆ. ಪಬ್ಬು ಮಾತ್ರ ಟ್ರಸ್ಟಿನ ಕೈಯಲ್ಲಿ ನಡೆಯುತ್ತಿದೆ.

ಎಲ್ಲ ಪಬ್ಬೂ ಇಷ್ಟು ಸಾಧುವಲ್ಲ, ಬಿಡಿ. ಆದರೆ ದಿನಾ ಬರುವವರ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಒಬ್ಬೊಬ್ಬರಿಗೂ ಒಂದು ಜಾಗ ಗೊತ್ತಾಗಿರುತ್ತದೆ. ಬಾಗಿಲಲ್ಲಿ ತಲೆ ಕಂಡರೆ ಸಾಕು, ಕೇಳುವ ಮೊದಲೇ ಗ್ಲಾಸು ತುಂಬುತ್ತದೆ. ಹಳಬರದು ‘ಹಾಫ್ ಅಂಡ್ ಎ ಹಾಫ್’: ಅರ್ಧ ಪೈಂಟ್ (ಸುಮಾರು 280 ಮಿಲಿ) ಬಿಯರು, ಪಕ್ಕದಲ್ಲೊಂದು ಸಣ್ಣ ವಿಸ್ಕಿ. ಆ ವಿಸ್ಕಿ 25 ಅಥವಾ 35 ಮಿಲಿ ಅಷ್ಟೇ. ನಮ್ಮ 60 ಮಿಲಿ ಪೆಗ್ಗಿನವರು ನಗಬಹುದು! ಕೌಂಟರಿನ ಮೇಲಿನ ಜಗ್ಗಿನಿಂದ ಅದಕ್ಕೆ ನಾಲ್ಕು ಹನಿ ನೀರು. ಅಷ್ಟನ್ನೇ ಮುಂದಿಟ್ಟುಕೊಂಡು ಫುಟ್‌ಬಾಲು, ಮಳೆ, ಯಾರು ತೀರಿಕೊಂಡರು ಎಂಬ ಸುದ್ದಿ. ಕಾಲಬುಡದಲ್ಲಿ ನಾಯಿ. ಒಬ್ಬ ಎಲ್ಲರಿಗೂ ಕೊಡಿಸಿದರೆ ಮುಂದಿನ ಸರದಿ ಇನ್ನೊಬ್ಬನದು. ತನ್ನ ಸರದಿ ಬಂದಾಗಲೇ ಟಾಯ್ಲೆಟ್ಟಿಗೆ ಎದ್ದು ಹೋಗುವವನನ್ನು ಊರು ಸುಲಭಕ್ಕೆ ಕ್ಷಮಿಸುವುದಿಲ್ಲ.

ಹೆಂಗಸರ ವಿಷಯದಲ್ಲಿ ಮಾತ್ರ ಈ ಪಬ್ಬುಗಳನ್ನು ನಾನೂ ಹೊಗಳಲಾರೆ. 1970ರ ದಶಕದಲ್ಲೂ ಅವರಿಗೆ ಟಾಯ್ಲೆಟ್ ಇಲ್ಲದ ಪಬ್ಬುಗಳಿದ್ದವು. ಬರಬೇಡಿ ಅನ್ನಲು ಬೇರೆ ಬೋರ್ಡು ಯಾಕೆ? ಈಗ ಆ ಕಾಲ ಹೋಗಿದೆ.

ಕುಡಿತದಿಂದ ಹಾಳಾದ ಮನೆಗಳು ಅಲ್ಲೂ ಇವೆ. ಅದಕ್ಕೇ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿದರು. ಬಿಸಿ ತಟ್ಟಿದ್ದು ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಾಟಲಿಗೆ. ಪಬ್ಬಿನ ಬೆಲೆ ಮೊದಲೇ ಮೇಲಿತ್ತು. ನನಗೂ ಹೆಚ್ಚು ಭಯ ಮನೆಯಲ್ಲಿ ಒಬ್ಬರೇ ಖಾಲಿ ಮಾಡುವ ಆ ಬಾಟಲಿಯದೇ. ನಾಲ್ಕು ಜನ ಗುರುತಿನವರ ಕಣ್ಣೆದುರು ಕುಡಿಯುವವನಿಗೆ ಸ್ವಲ್ಪವಾದರೂ ನಾಚಿಕೆ ಇರುತ್ತದೆ.

ಹೋದಾಗ ಒಮ್ಮೆ ಹೊಕ್ಕು ನೋಡಿ. ನ್ಯೂಟನ್‌ಗ್ರೇಂಜಿಗೆ 2015ರಿಂದ ಎಡಿನ್‌ಬರೋದ ರೈಲಿದೆ. ಮೇಜಿನ ಬಳಿ ಸುಮ್ನೆ ಕಾಯಬೇಡಿ, ಕೌಂಟರಿಗೇ ಹೋಗಿ ಕೇಳಬೇಕು. ಕುಡಿಯದವರಿಗೆ ಐರ್ನ್ ಬ್ರೂ ಇದೆ. ಕಿತ್ತಳೆ ಬಣ್ಣದ ಸೋಡಾ, ವಿಪರೀತ ಸಿಹಿ. 2018ರಲ್ಲಿ ಸಕ್ಕರೆ ಕಡಿಮೆ ಮಾಡಿದ್ದಕ್ಕೆ ಅಲ್ಲಿನವರು ಕುಡಿತದ ಕಾನೂನಿಗಿಂತ ಜೋರಾಗಿ ಗೊಣಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.