ಡೈವಿಂಗ್‌ಗೆ ಹೊರಟವರಿಗೆ ಮಲೇರಿಯಾ ಮಾತ್ರೆ ಯಾವುದು?

ಪ್ರಶ್ನೆ: ಫೆಬ್ರವರಿಯಲ್ಲಿ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೇವೆ. ಮಲೇರಿಯಾ ಮಾತ್ರೆ ನುಂಗಿ ನೀರಿಗಿಳಿಯಬಹುದೇ?

ಉತ್ತರ: ಮೆಫ್ಲೋಕ್ವಿನ್ ಎಂಬ ಮಲೇರಿಯಾ ಮಾತ್ರೆ ಬೇಡವೇ ಬೇಡ. ಅದು ತರುವ ತಲೆಸುತ್ತು, ಗಾಬರಿ ನೀರಿನಡಿ ಅಪಾಯ. ಮೇಲೆ ಬಂದಾಗ ಡಿಕಂಪ್ರೆಷನ್ ಕಾಯಿಲೆಯೋ (ಆಳದಿಂದ ಬೇಗ ಮೇಲೆ ಬಂದರೆ ಮೈಯೊಳಗೆ ಗಾಳಿಗುಳ್ಳೆ ಏಳುವುದು) ಮಾತ್ರೆಯ ಪರಿಣಾಮವೋ ಎಂದು ವೈದ್ಯರಿಗೂ ಗೊಂದಲ. ಮಾತ್ರೆ ಬೇಕೇ ಎಂದು ವೈದ್ಯರನ್ನೇ ಕೇಳಿ, ಡೈವಿಂಗ್ ವಿಷಯ ಮರೆಯದೆ ಹೇಳಿ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ದಿನಕ್ಕೆ 100 ಮಿ.ಗ್ರಾಂ., ಹೊರಡುವ 1–2 ದಿನ ಮುಂಚಿನಿಂದ ವಾಪಸಾದ ಮೇಲೂ 4 ವಾರ. ಅದರಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ದೋಣಿಯಲ್ಲಿ ತುಂಬುತೋಳಿನ ಅಂಗಿ ಇರಲಿ.

ಡೆಂಗಿಗೆ ಇಂಥ ಮಾತ್ರೆಯಿಲ್ಲ. ಆ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆ ಓಡಿಸುವ ಡೀಟ್ ಮುಲಾಮು. ಡೀಟ್ ಕೆಲವು ಪ್ಲಾಸ್ಟಿಕ್ ಕರಗಿಸುತ್ತದೆ, ಕೈ ತೊಳೆಯದೆ ಡೈವಿಂಗ್ ಮಾಸ್ಕ್ ಮುಟ್ಟಬೇಡಿ. ಜ್ವರ ಬಂದರೆ ಡೈವಿಂಗ್ ನಿಲ್ಲಿಸಿ, ಅಂದೇ ರಕ್ತ ಪರೀಕ್ಷೆ ಮಾಡಿಸಿ.