ಲೋಕಾಯುಕ್ತಕ್ಕೆ ದೂರು ಕೊಟ್ಟರೆ ಏನಾದರೂ ಆಗುತ್ತಾ? ಲೋಕಾಯುಕ್ತರನ್ನು ಕೇಳೋರು ಯಾರು?

ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಫೈಲ್ ನಿಂತಿದೆ, ಕರ್ನಾಟಕ ಲೋಕಾಯುಕ್ತಕ್ಕೆ ದೂರು ಕೊಟ್ಟರೆ ಪ್ರಯೋಜನ ಇದೆಯಾ, ಅವರೇ ತಪ್ಪು ಮಾಡಿದರೆ ಕೇಳೋರು ಯಾರು ಅಂತ ಕೇಳಿದ್ದೀರಿ. ನಾನೂ ಒಮ್ಮೆ ದೂರು ಕೊಟ್ಟವನು, ಅಲ್ಲಿಂದಲೇ ಶುರು ಮಾಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನ ಹೆಸರಿಗೆ ಪೌತಿ ಖಾತೆ ಆಗಬೇಕಿತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ ಎಲ್ಲಾ ಕೊಟ್ಟಿದ್ದೆವು. ಐದು ತಿಂಗಳು ಓಡಾಡಿದರೂ 'ಫೈಲ್ ಮೇಲೆ ಹೋಗಿದೆ' ಅನ್ನೋ ಒಂದೇ ಉತ್ತರ. ಮಂಡಿನೋವಿನ ಅಮ್ಮ ಕಾಗದಗಳ ಚೀಲ ತೊಡೆ ಮೇಲಿಟ್ಟುಕೊಂಡು ಕಚೇರಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕೊನೆಗೆ ಲೋಕಾಯುಕ್ತದ ನಮೂನೆ ತುಂಬಿ, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಅರ್ಜಿಯ ಸ್ವೀಕೃತಿ ಚೀಟಿಯ ಜೆರಾಕ್ಸ್ ಇಟ್ಟು ಕಳಿಸಿದೆ. ದೂರಿನ ಪ್ರತಿ ಆ ಅಧಿಕಾರಿಗೆ ಹೋಯಿತು, ವಿವರಣೆ ಕೇಳಿದರು. ಅವರ ವಿವರಣೆ ನಮ್ಮ ಕೈಗೆ ಬರೋ ಹೊತ್ತಿಗೆ ಪಹಣಿಯಲ್ಲಿ ಅಮ್ಮನ ಹೆಸರು ಬಂದಾಗಿತ್ತು. ಕೆಲಸ ಆಗಿದೆ ಅಂತ ದೂರನ್ನು ಮುಕ್ತಾಯ ಮಾಡಿದರು. ತಡ ಮಾಡಿದವರಿಗೆ ಏನೂ ಆಗಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

1984ರ ಲೋಕಾಯುಕ್ತ ಕಾಯ್ದೆ ದೂರನ್ನು ಎರಡು ಥರ ನೋಡುತ್ತದೆ. ಕೆಲಸ ತಡ, ಅನ್ಯಾಯ ಅಂದರೆ 'ಕುಂದುಕೊರತೆ'. ಲಂಚ, ಅಧಿಕಾರ ದುರುಪಯೋಗ ಅಂದರೆ 'ಆರೋಪ'. ಲಂಚ ಕೇಳಿದ್ದಾರೆ ಅಂದರೆ ಲೋಕಾಯುಕ್ತ ಪೊಲೀಸರು ಕೇಸು ಹಾಕಿ ಟ್ರ್ಯಾಪ್ ಮಾಡಬಹುದು, ಅಂದರೆ ಲಂಚ ತಗೊಳ್ಳುವಾಗಲೇ ಹಿಡಿಯಬಹುದು. ಈ ಪೊಲೀಸ್ ಬಲವನ್ನೇ 2016ರಲ್ಲಿ ಕಿತ್ತು ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಕೊಟ್ಟಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ಅದು ವಾಪಸ್ ಬಂತು. ಪೊಲೀಸ್ ಕೇಸು ಬಿಟ್ಟು ಉಳಿದ ವಿಚಾರಣೆಗಳಲ್ಲಿ ಲೋಕಾಯುಕ್ತರು ಮಾಡೋದು ಶಿಫಾರಸು. ಕ್ರಮ ತಗೊಳ್ಳೋದು ಸರ್ಕಾರ. ಆರೋಪದ ವರದಿಯಾದರೆ, ಏನು ಕ್ರಮ ಆಯಿತು ಅಂತ ಮೂರು ತಿಂಗಳಲ್ಲಿ ತಿಳಿಸಬೇಕು. ಸಮಾಧಾನ ಆಗದಿದ್ದರೆ ಲೋಕಾಯುಕ್ತರು ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು, ಅದು ಸದನದ ಮುಂದೆ ಬರುತ್ತದೆ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಆದರೆ 2011ರ ಜುಲೈ ನೆನಪಿಸಿಕೊಳ್ಳಿ. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದ ಕೆಲವೇ ದಿನಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ವರದಿ ಜನರ ಕಣ್ಣಿಗೆ ಬಿದ್ದರೆ ಅದಕ್ಕೆ ಬಲ ಬರುತ್ತದೆ. ಬೀರುವಿನಲ್ಲಿ ಉಳಿದರೆ ಧೂಳು ಹಿಡಿಯುತ್ತದೆ.

ಇನ್ನು ಲೋಕಾಯುಕ್ತರನ್ನು ಕೇಳೋರು. ಅವಧಿ ಐದು ವರ್ಷ. ಮಧ್ಯದಲ್ಲಿ ತೆಗೆಯಬೇಕಾದರೆ ದುರ್ನಡತೆ ಅಥವಾ ಅಸಾಮರ್ಥ್ಯ ಸಾಬೀತಾಗಿ, ವಿಧಾನಮಂಡಲದ ಎರಡೂ ಸದನದಲ್ಲಿ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬಹುಮತ ಬೇಕು. ಇದು ಕಷ್ಟವಾಗಿಯೇ ಇರಬೇಕು ಅಂತ ನನ್ನ ಅಭಿಪ್ರಾಯ. ಸುಲಭ ಮಾಡಿದರೆ ಮಂತ್ರಿಗಳನ್ನು ತನಿಖೆ ಮಾಡಿದವರ ಗತಿ ಏನಾಗಬಹುದು, ನೀವೇ ಯೋಚಿಸಿ. ಆದರೆ 2015ರಲ್ಲಿ ಆಗಿನ ಲೋಕಾಯುಕ್ತರ ಮಗನೇ ಸುಲಿಗೆ ಆರೋಪದಲ್ಲಿ ಬಂಧನವಾದಾಗ ಈ ಕಷ್ಟದ ಇನ್ನೊಂದು ಮುಖ ಕಂಡಿತು. ಪದಚ್ಯುತಿಗೆ ಶಾಸಕರು ಮುಂದಾದ ಮೇಲೆ, ಡಿಸೆಂಬರ್‌ನಲ್ಲಿ ಆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಹೊಸಬರು ಬಂದದ್ದು 2017ರ ಜನವರಿಯಲ್ಲಿ. ಅಷ್ಟು ದಿನ ಆ ಕುರ್ಚಿ ಖಾಲಿ ಇತ್ತು. ನನಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೇ. ಹಾಗೆ ಖಾಲಿ ಬಿಟ್ಟವರು ಯಾರಿಗೂ ಉತ್ತರ ಕೊಡಬೇಕಾಗಿ ಬರಲಿಲ್ಲ.

ನಿಮ್ಮ ಫೈಲ್ ನಿಂತು ಎಷ್ಟು ದಿನ ಆಯಿತು ಅಂತ ಬರೆದಿಲ್ಲ. ಕುಂದುಕೊರತೆ ದೂರಿಗೆ ಆರು ತಿಂಗಳ ಮಿತಿ ಇದೆ, ಆರೋಪಕ್ಕೆ ಐದು ವರ್ಷ. ಆರು ತಿಂಗಳು ಹತ್ತಿರ ಬಂದಿದ್ದರೆ ಈ ವಾರವೇ ಕಳಿಸಿ. ಗೊತ್ತಿರೋದಷ್ಟನ್ನೇ ಬರೆಯಿರಿ, ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಸ್ವೀಕೃತಿ ಚೀಟಿಯ ಜೆರಾಕ್ಸ್ ಮಾತ್ರ ಮರೆಯಬೇಡಿ.